ಕೈಗಡಿಯಾರದ ಬೆಲೆಯೂ ಅದರ ಯೋಗ್ಯತೆಯೂ

ಕಾಲವು ಎಲ್ಲರಿಗೂ ಸಮನಾಗಿ ಹಂಚಲ್ಪಟ್ಟಿರುವ ಸಂಪತ್ತು. ಅರಸನಿಗೂ ಆಳಿಗೂ ದಿನವೊಂದಕ್ಕೆ ಇಪ್ಪತ್ತನಾಲ್ಕೇ ಗಂಟೆ. ಆದರೆ ಆ ಕಾಲವನ್ನು ತೋರಿಸುವ ಯಂತ್ರದ ಬೆಲೆಯಲ್ಲಿ ಭೂಮ್ಯಾಕಾಶಗಳಷ್ಟು ಅಂತರವಿರುವುದು. ನಮ್ಮ ಚೆನ್ನೈ ನಗರದ ಬೀದಿಬದಿಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗಳಿಗೆ ಕೈಗಡಿಯಾರವೊಂದು ದೊರೆಯುವುದು. ಅದೇ ನಗರದ ದೊಡ್ಡ ಮಳಿಗೆಯ ಗಾಜಿನ ಪೆಟ್ಟಿಗೆಯೊಳಗೆ ಮೂರು ಲಕ್ಷದ ಗಡಿಯಾರವೂ ಉಂಟು, ಮೂವತ್ತು ಲಕ್ಷದ ಗಡಿಯಾರವೂ ಉಂಟು. ಮೂರೂ ತೋರಿಸುವುದು ಒಂದೇ ಹೊತ್ತನ್ನು. ಹೀಗಿರುವಾಗ ಈ ಬೆಲೆಯು ಏತಕ್ಕಾಗಿ? ಇಷ್ಟು ಹಣ ತೆತ್ತು ಅದನ್ನು ಕೊಳ್ಳುವುದು ವಿವೇಕವೋ, ಅವಿವೇಕವೋ?

ವಿದ್ಯಾರ್ಥಿಗಳೇ, ಇದು ಧನಿಕರ ಪ್ರಶ್ನೆ, ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮಕ್ಕಳು. ಆದರೂ ಈ ಪ್ರಶ್ನೆಯು ನಮ್ಮ ತರಗತಿಯ ಒಳಕ್ಕೆ ಬಂದಿರುವುದನ್ನು ನಾನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ಎಂಟನೆಯ ತರಗತಿಯ ಹುಡುಗನಿಗೆ ಜಿನೀವಾ ನಗರವು ಭೂಪಟದಲ್ಲಿ ಎಲ್ಲಿರುವುದೆಂದು ತಿಳಿಯದು. ರೋಲೆಕ್ಸ್ ಗಡಿಯಾರದ ಬೆಲೆ ಎಷ್ಟೆಂದು ತಿಳಿದಿರುವುದು. ಯಾವ ನಟನು ಯಾವ ಗಡಿಯಾರವನ್ನು ಕಟ್ಟುವನು, ಯಾವ ಕ್ರಿಕೆಟ್ ಆಟಗಾರನ ಮಣಿಕಟ್ಟಿನಲ್ಲಿ ಎಷ್ಟು ಲಕ್ಷವಿದೆ ಎಂಬುದನ್ನು ಹುಡುಗರು ಮಗ್ಗಿಯಂತೆ ಒಪ್ಪಿಸುವರು. ಬೆಲೆಯನ್ನು ಅರಿತು ವಸ್ತುವನ್ನು ಅರಿಯದಿರುವುದು ಒಳ್ಳೆಯ ಲಕ್ಷಣವಲ್ಲ. ಅಂತಹವನು ಮುಂದೆ ವಸ್ತುಗಳನ್ನು ಮಾತ್ರವಲ್ಲ, ಮನುಷ್ಯರನ್ನೂ ಬೆಲೆಯಿಂದಲೇ ಅಳೆಯತೊಡಗುವನು. ಆದುದರಿಂದ ಈ ವಿಷಯವನ್ನು ಬುಡದಿಂದ ವಿಚಾರಿಸೋಣ.

ಹಿಂದಿನ ಕಾಲದಲ್ಲಿ ಹೊತ್ತನ್ನು ಸರಿಯಾಗಿ ತಿಳಿಯುವುದೇ ಕಷ್ಟವಾದ ಕೆಲಸವಾಗಿತ್ತು. ನಮ್ಮ ಹಿರಿಯರು ನೀರಿನ ಮೇಲೆ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಿದ್ದರು. ತಳದಲ್ಲಿ ಸೂಕ್ಷ್ಮವಾದ ರಂಧ್ರವಿದ್ದ ಆ ತಾಮ್ರದ ಬಟ್ಟಲು ತುಂಬಿ ಮುಳುಗಲು ೨೪ ನಿಮಿಷಗಳು ಹಿಡಿಯುತ್ತಿದ್ದುವು. ಅದೇ ಒಂದು ಗಳಿಗೆ. ಅಂತಹ ಅರವತ್ತು ಗಳಿಗೆಗಳು ಸೇರಿದರೆ ಒಂದು ದಿನ. ಮದುವೆಯ ಮುಹೂರ್ತಕ್ಕೆ ಇಷ್ಟು ಲೆಕ್ಕವು ಸಾಕಾಗಿತ್ತು. ಸಮುದ್ರದ ಮೇಲೆ ಸಂಚರಿಸುವ ಹಡಗಿಗೆ ಇದು ಸಾಲದು. ಹಡಗು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಬಂದಿದೆಯೆಂದು ತಿಳಿಯಬೇಕಾದರೆ, ಹೊರಟ ಊರಿನಲ್ಲಿ ಈಗ ಎಷ್ಟು ಗಂಟೆಯೆಂಬುದು ತಪ್ಪಿಲ್ಲದೆ ಗೊತ್ತಿರಬೇಕು. ತಿಳಿಯದೆ ಬಂಡೆಗೆ ಬಡಿದು ಮುಳುಗಿದ ಹಡಗುಗಳು ಎಷ್ಟೋ. ಅದಕ್ಕಾಗಿಯೇ ಬ್ರಿಟಿಷ್ ಪಾರ್ಲಿಮೆಂಟು ೧೭೧೪ರಲ್ಲಿ ೨೦,೦೦೦ ಪೌಂಡುಗಳ ಬಹುಮಾನವನ್ನು ಸಾರಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗನು ತನ್ನ ಆಯುಷ್ಯದ ಬಹುಭಾಗವನ್ನು ಆ ಒಂದೇ ಸಾಧನೆಗೆ ಮುಡಿಪಾಗಿಟ್ಟನು. ೧೭೬೧ರಲ್ಲಿ ಜಮೈಕಾದ ಕಡೆಗೆ ಹೊರಟ ಹಡಗಿನಲ್ಲಿ ಅವನ ನಾಲ್ಕನೆಯ ಗಡಿಯಾರವು ೮೧ ದಿನಗಳಲ್ಲಿ ಕೇವಲ ಐದು ಸೆಕೆಂಡುಗಳಷ್ಟು ಹಿಂದೆ ಬಿದ್ದಿತು.

ಈ ಕಥೆಗೂ ನಾವು ವಾಸಿಸುವ ಊರಿಗೂ ನಂಟುಂಟು. ೧೭೯೨ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿಸಿತು. ನಕ್ಷತ್ರಗಳನ್ನು ನೋಡಿ ಅಲ್ಲಿ ನಿರ್ಣಯಿಸಿದ ಹೊತ್ತಿಗೆ ಮದರಾಸು ಸಮಯವೆಂದು ಹೆಸರಾಯಿತು. ರೈಲುಗಳು ಬಹುಕಾಲ ಆ ಸಮಯವನ್ನೇ ಅನುಸರಿಸಿ ಓಡಿದುವು. ೧೯೦೬ರ ಜನವರಿ ೧ರಿಂದ ಭಾರತದ ಪ್ರಮಾಣ ಸಮಯವು ಜಾರಿಗೆ ಬಂದಿತು. ೧೮೪೬ರಲ್ಲಿ ಇಲ್ಲಿ ಆರಂಭವಾದ ಪಿ. ಓರ್ ಅಂಡ್ ಸನ್ಸ್ ಎಂಬ ಗಡಿಯಾರದ ಅಂಗಡಿಯ ಗೋಪುರವನ್ನು ಅಣ್ಣಾ ಸಾಲೆಯಲ್ಲಿ ಹೋಗುವಾಗ ನೀವೂ ನೋಡಿರಬಹುದು. ಆ ದಿನಗಳಲ್ಲಿ ಒಳ್ಳೆಯ ಗಡಿಯಾರಕ್ಕೆ ಹೆಚ್ಚು ಬೆಲೆ ತೆತ್ತವನು ನಿಜವಾಗಿ ತೆತ್ತದ್ದು ನಿಖರತೆಗೆ. ಹೆಚ್ಚು ಹಣಕ್ಕೆ ಹೆಚ್ಚು ಸರಿಯಾದ ಹೊತ್ತು ಎಂಬ ಲೆಕ್ಕವು ನ್ಯಾಯವಾಗಿಯೇ ಇತ್ತು.

ಆ ಲೆಕ್ಕವು ೧೯೬೯ರ ಡಿಸೆಂಬರ್ ೨೫ರಂದು ತಲೆಕೆಳಗಾಯಿತು. ಜಪಾನಿನ ಸೈಕೋ ಸಂಸ್ಥೆಯು ಅಂದು ಕ್ವಾರ್ಟ್ಸ್ ಹರಳಿನ ಮೊದಲ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟಿತು. ಬೆಣಚುಕಲ್ಲಿನ ಜಾತಿಯ ಈ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸುವುದು. ಇಂದು ನಾವು ಕಟ್ಟುವ ಸಾಮಾನ್ಯ ಗಡಿಯಾರಗಳ ಹರಳು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುವುದು. ಆ ಕಂಪನಗಳನ್ನು ಎಣಿಸಿ ಗಡಿಯಾರವು ಮುಳ್ಳನ್ನು ಸರಿಸುವುದು. ಆ ಮೊದಲ ಗಡಿಯಾರದ ಬೆಲೆ ೪,೫೦,೦೦೦ ಯೆನ್; ಆಗ ಜಪಾನಿನಲ್ಲಿ ಅಷ್ಟಕ್ಕೆ ಸಣ್ಣ ಕಾರೊಂದು ಬರುತ್ತಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಹರಳಿನ ಗಡಿಯಾರವು ಬಡವನ ಕೈಗೂ ಎಟುಕುವಂತಾಯಿತು. ಸ್ವಿಟ್ಜರ್ಲೆಂಡಿನಲ್ಲಿ ೧೯೭೦ರ ಸುಮಾರಿಗೆ ೯೦,೦೦೦ದಷ್ಟಿದ್ದ ಗಡಿಯಾರ ಕೆಲಸಗಾರರ ಸಂಖ್ಯೆಯು ೧೯೮೦ರ ದಶಕದ ನಡುವಿಗೆ ೩೦,೦೦೦ದ ಸಮೀಪಕ್ಕೆ ಇಳಿಯಿತು. ಮನೆತನದ ವಿದ್ಯೆಯನ್ನು ನಂಬಿದ್ದ ಸಾವಿರಾರು ಸಂಸಾರಗಳು ಬೀದಿಗೆ ಬಂದುವು.

ಇಂದು ಬೀದಿಬದಿಯ ಹರಳಿನ ಗಡಿಯಾರವು ಸರಿಯಾಗಿದ್ದರೆ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡು ತಪ್ಪಬಹುದು. ಕೀಲಿಯಿಂದ ನಡೆಯುವ ಸ್ವಿಸ್ ಗಡಿಯಾರವು ಅಲ್ಲಿನ ಪರೀಕ್ಷಾ ಮಂಡಲಿಯ ಮುದ್ರೆಯನ್ನು ಪಡೆಯಬೇಕಾದರೆ ಹದಿನೈದು ದಿನಗಳ ಕಾಲ, ಐದು ಭಂಗಿಗಳಲ್ಲಿ, ಮೂರು ಬಗೆಯ ಉಷ್ಣತೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು. ಅಷ್ಟಾದರೂ ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡು ಹಿಂದೆ ಬೀಳುವುದಕ್ಕೂ ಆರು ಸೆಕೆಂಡು ಮುಂದೆ ಓಡುವುದಕ್ಕೂ ಅದಕ್ಕೆ ಅನುಮತಿಯುಂಟು. ಎಂದರೆ ಲಕ್ಷಗಟ್ಟಲೆ ಬೆಲೆಯ ಗಡಿಯಾರವು ನೂರರ ಗಡಿಯಾರಕ್ಕಿಂತ ಹೆಚ್ಚು ತಪ್ಪುವುದು! ಆದುದರಿಂದ ನಮ್ಮ ಮೊದಲ ನಿರ್ಣಯ ಇದು: ಇಂದಿನ ದುಬಾರಿ ಗಡಿಯಾರದ ಬೆಲೆಯು ಹೊತ್ತು ತೋರಿಸುವುದಕ್ಕಾಗಿ ಅಲ್ಲ.

ಹಾಗಾದರೆ ಯಾವುದಕ್ಕಾಗಿ? ನನ್ನ ಅಭಿಪ್ರಾಯದಲ್ಲಿ ಆ ಬೆಲೆಯು ನಾಲ್ಕು ಅಂಶಗಳಿಂದ ಕೂಡಿರುವುದು: ಕೈಗೆಲಸ, ಲೋಹ, ವಿರಳತೆ ಮತ್ತು ಹೆಸರು. ಇವನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಕೈಗೆಲಸ. ಕೀಲಿ ಗಡಿಯಾರದೊಳಗೆ ಉಕ್ಕಿನ ಪಟ್ಟಿಯೊಂದು ಸುರುಳಿಯಾಗಿ ಸುತ್ತಿರುವುದು. ನಾವು ಕೀಲಿ ಕೊಟ್ಟಾಗ ಅದು ಬಿಗಿಯುವುದು, ಮತ್ತೆ ಬಿಚ್ಚಿಕೊಳ್ಳಲು ಹವಣಿಸುವುದು. ಆ ಬಲವು ಹಲ್ಲುಚಕ್ರಗಳ ಸಾಲಿನ ಮೂಲಕ ಹರಿದುಬಂದು ಒಂದು ಸಣ್ಣ ಕವೆಯ ಬಳಿಯಲ್ಲಿ ತಡೆಯಲ್ಪಡುವುದು. ಕವೆಯ ಪಕ್ಕದಲ್ಲಿ ತೂಗುಚಕ್ರವೊಂದಿರುವುದು. ಕೂದಲೆಳೆಯಷ್ಟು ತೆಳುವಾದ ಸುರುಳಿಯ ಹಿಡಿತದಲ್ಲಿ ಅದು ಆಚೆಗೊಮ್ಮೆ ಈಚೆಗೊಮ್ಮೆ ಹೊರಳುವುದು. ಹೊರಳಿದಾಗಲೆಲ್ಲ ಕವೆಯು ಚಕ್ರದ ಒಂದೊಂದೇ ಹಲ್ಲನ್ನು ಮುಂದಕ್ಕೆ ಬಿಡುವುದು. ನಾವು ಕೇಳುವ ಟಿಕ್ ಟಿಕ್ ಎಂಬ ಧ್ವನಿ ಇದೇ. ಹಳೆಯ ಮಾದರಿಯ ಗಡಿಯಾರದಲ್ಲಿ ತೂಗುಚಕ್ರವು ಗಂಟೆಗೆ ೧೮,೦೦೦ ಬಾರಿ, ಎಂದರೆ ದಿನಕ್ಕೆ ೪,೩೨,೦೦೦ ಬಾರಿ ಹೊರಳುವುದು. ಮನುಷ್ಯನ ಹೃದಯವು ದಿನಕ್ಕೆ ಬಡಿಯುವುದು ಸುಮಾರು ಒಂದು ಲಕ್ಷ ಬಾರಿ. ಹತ್ತಾರು ವರ್ಷ ಹೀಗೆ ಹೊರಳಿದರೂ ತಿರುಗಣಿಗಳು ಸವೆಯಬಾರದೆಂದು ಅವುಗಳ ಅಡಿಯಲ್ಲಿ ಮಾಣಿಕ್ಯದಂತಹ ಹರಳುಗಳನ್ನು ಕೂಡಿಸುವರು. ಗಡಿಯಾರದ ಮುಖದ ಮೇಲೆ "೧೭ ಜ್ಯುವೆಲ್ಸ್" ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದರ ಅರ್ಥವು ಇದೇ.

ಇಷ್ಟು ಯಾವ ಕೀಲಿ ಗಡಿಯಾರದಲ್ಲಿಯೂ ಇರುವುದು. ಉತ್ತಮ ಗಡಿಯಾರದಲ್ಲಿ ಇದರ ಮೇಲೆ ಇನ್ನೊಂದು ಬಗೆಯ ದುಡಿಮೆಯು ಸೇರುವುದು. ಸಾಸುವೆಕಾಳಿನಷ್ಟು ತಿರುಪಿನ ತಲೆಯನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುವರು. ಒಳಗಿನ ತಗಡುಗಳ ಅಂಚುಗಳನ್ನು ಕೈಯಿಂದ ಓರೆಯಾಗಿ ಹೆರೆದು ನುಣುಪು ಮಾಡುವರು. ಮುಚ್ಚಳವನ್ನು ಹಾಕಿದ ಮೇಲೆ ಇವುಗಳಲ್ಲಿ ಎಷ್ಟೋ ಭಾಗಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಲೂರಿನ ಶಿಲ್ಪಿಯು ಯಾರೂ ತಲೆಯೆತ್ತಿ ನೋಡದ ಮೂಲೆಯಲ್ಲಿಯೂ ಹೂವನ್ನು ಕೆತ್ತಿದನಲ್ಲವೇ? ಆ ಶ್ರದ್ಧೆಯೇ ಇಲ್ಲಿಯೂ ಇರುವುದು.

ಕೆಲವು ಗಡಿಯಾರಗಳಿಗೆ ಲೆಕ್ಕವೂ ಬರುವುದು. ಯಾವ ತಿಂಗಳಿಗೆ ಮೂವತ್ತು ದಿನ, ಯಾವುದಕ್ಕೆ ಮೂವತ್ತೊಂದು, ಯಾವ ವರ್ಷದ ಫೆಬ್ರವರಿಗೆ ಇಪ್ಪತ್ತೊಂಬತ್ತು ಎಂಬುದನ್ನೆಲ್ಲ ಹಲ್ಲುಚಕ್ರಗಳಿಂದಲೇ ಎಣಿಸಿ ತಾರೀಖನ್ನು ಬದಲಿಸುವ ಗಡಿಯಾರಗಳಿವೆ. ಅವುಗಳಲ್ಲಿ ಹೆಚ್ಚಿನವು ೨೧೦೦ನೆಯ ಇಸವಿಯವರೆಗೂ ನಮ್ಮ ಕೈ ಸೋಕದೆ ಸರಿಯಾಗಿ ನಡೆಯುವುವು. ನಾಲ್ಕರಿಂದ ಭಾಗಿಸಲ್ಪಟ್ಟರೂ ಅದು ಅಧಿಕ ವರ್ಷವಲ್ಲವಾದುದರಿಂದ ಆಗ ಮಾತ್ರ ಮನುಷ್ಯನು ತಿದ್ದಬೇಕು. ೧೮೦೧ರಲ್ಲಿ ಬ್ರೆಗೆ ಎಂಬ ಕುಶಲಿಯು ಪ್ಯಾರಿಸ್ಸಿನಲ್ಲಿ ಇನ್ನೊಂದು ಯುಕ್ತಿಗೆ ಹಕ್ಕುಪತ್ರವನ್ನು ಪಡೆದನು. ಜೇಬುಗಡಿಯಾರವು ನೆಟ್ಟಗೆ ನಿಂತಿರುವಾಗ ಭೂಮಿಯ ಸೆಳೆತವು ತೂಗುಚಕ್ರವನ್ನು ಒಂದೇ ಕಡೆಗೆ ಎಳೆದು ಹೊತ್ತನ್ನು ಕೆಡಿಸುತ್ತಿತ್ತು. ತೂಗುಚಕ್ರವನ್ನೂ ಕವೆಯನ್ನೂ ಪುಟ್ಟ ಪಂಜರದಲ್ಲಿಟ್ಟು ಆ ಪಂಜರವನ್ನೇ ಸುತ್ತಿಸುತ್ತಿದ್ದರೆ ತಪ್ಪುಗಳು ಪರಸ್ಪರ ತೊಡೆದುಹೋಗುವುವೆಂದು ಆತನು ಕಂಡುಕೊಂಡನು. ಟೂರ್ಬಿಯೋನ್ ಎಂಬ ಆ ಪಂಜರವು ಹೆಚ್ಚಾಗಿ ನಿಮಿಷಕ್ಕೊಂದು ಸುತ್ತು ಬರುವುದು. ತೂಕದಲ್ಲಿ ಅದು ಒಂದು ಗ್ರಾಮಿಗಿಂತಲೂ ಕಡಿಮೆ. ಅದನ್ನು ಜೋಡಿಸಬಲ್ಲ ಕೈಗಳು ಲೋಕದಲ್ಲಿ ಹೆಚ್ಚಿಲ್ಲ.

ಎರಡನೆಯ ಅಂಶವು ಲೋಹ. ಚಿನ್ನವಿದ್ದರೆ ಬೆಲೆಯೇರುವುದು ಸಹಜ. ಆದರೆ ಇದರ ಪಾಲು ನಾವು ಎಣಿಸಿದಷ್ಟು ದೊಡ್ಡದಲ್ಲ. ಇದಕ್ಕೊಂದು ನಿದರ್ಶನವುಂಟು. ೨೦೧೯ರ ನವೆಂಬರಿನಲ್ಲಿ ಜಿನೀವಾ ನಗರದ ಹರಾಜೊಂದರಲ್ಲಿ ಪಾಟೆಕ್ ಫಿಲಿಪ್ ಸಂಸ್ಥೆಯ ಕೈಗಡಿಯಾರವು ೩ ಕೋಟಿ ೧೦ ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ೨೦೦ ಕೋಟಿ ರೂಪಾಯಿಗಳಿಗೂ ಮಿಗಿಲು. ಅದರ ಕವಚವು ಚಿನ್ನದ್ದಲ್ಲ, ಉಕ್ಕಿನದು! ಅದರೊಳಗಿನ ಯಂತ್ರದಲ್ಲಿ ೧,೩೬೬ ಭಾಗಗಳಿದ್ದುವು. ಉಕ್ಕಿನಲ್ಲಿ ಆ ಬಗೆಯದು ಅದೊಂದೇ. ಮಾಂಸಖಂಡಗಳನ್ನು ಕ್ಷೀಣಿಸುವ ರೋಗವೊಂದರ ಸಂಶೋಧನೆಗೆಂದು ಆ ಹರಾಜನ್ನು ನಡೆಸಿದ್ದರು.

ಇಲ್ಲಿಯೇ ಮೂರನೆಯ ಅಂಶವಾದ ವಿರಳತೆಯೂ ಕಾಣುವುದು. ಅಪರೂಪವಾದುದನ್ನು ಎಲ್ಲರೂ ಬಯಸುವರು. ಕೈಯಿಂದ ನಿಧಾನವಾಗಿ ಮಾಡಿದ ವಸ್ತುವು ತಾನಾಗಿಯೇ ಅಪರೂಪವಾಗುವುದು. ಅದು ನ್ಯಾಯವಾದ ವಿರಳತೆ. ಆದರೆ ಉಕ್ಕಿನ ಸಾಮಾನ್ಯ ಮಾದರಿಗಳಿಗೂ ಗಿರಾಕಿಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯಿಸುವ ಪ್ರಸಿದ್ಧ ಸಂಸ್ಥೆಗಳೂ ಇವೆ. ಕಾದಷ್ಟೂ ಆಸೆಯು ಬೆಳೆಯುವುದು, ಆಸೆ ಬೆಳೆದಷ್ಟೂ ಬೆಲೆಯು ಬೆಳೆಯುವುದು. ನಾಲ್ಕನೆಯದಾದ ಹೆಸರಿನ ಮಾತಂತೂ ಹೇಳಬೇಕಾದುದೇ ಇಲ್ಲ. ಆಟಗಾರರಿಗೂ ನಟರಿಗೂ ಕೊಟ್ಟ ಹಣ, ಪತ್ರಿಕೆಗಳ ಪುಟಗಳಿಗೂ ಅಮೃತಶಿಲೆಯ ಮಳಿಗೆಗಳಿಗೂ ಚೆಲ್ಲಿದ ಹಣವೆಲ್ಲವೂ ಕೊನೆಗೆ ಕೊಳ್ಳುವವನ ಚೀಲದಿಂದಲೇ ಬರತಕ್ಕದ್ದು.

ಹೆಸರಿನಲ್ಲಿಯೂ ಎರಡು ಬಗೆಯುಂಟು. ಗಾಂಧೀಜಿಯವರ ಬಳಿಯಲ್ಲಿದ್ದ ಜೆನಿತ್ ಸಂಸ್ಥೆಯ ಜೇಬುಗಡಿಯಾರವು ಅವರ ಕನ್ನಡಕ, ಪಾದರಕ್ಷೆ, ಬಟ್ಟಲು ಮತ್ತು ತಟ್ಟೆಗಳೊಡನೆ ೨೦೦೯ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ೧೮ ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಜೇಬುಗಡಿಯಾರಗಳು ಲೋಕದಲ್ಲಿ ಎಷ್ಟೋ ಇದ್ದುವು. ಇದಕ್ಕೆ ಬೆಲೆ ಬಂದುದು ಅದನ್ನು ನೋಡಿಕೊಂಡು ಪ್ರಾರ್ಥನೆಗೂ ನೂಲುವುದಕ್ಕೂ ಸಭೆಗೂ ತಪ್ಪದೆ ಎದ್ದುಹೋಗುತ್ತಿದ್ದ ಮನುಷ್ಯನಿಂದ. ಗಡಿಯಾರದಿಂದ ಅವರಿಗೆ ಮರ್ಯಾದೆ ಬರಲಿಲ್ಲ. ಅವರಿಂದ ಗಡಿಯಾರಕ್ಕೆ ಬಂದಿತು. ದೊಡ್ಡ ಹೆಸರಿನ ಗಡಿಯಾರವನ್ನು ಕಟ್ಟಿದೊಡನೆ ತನ್ನ ಹೆಸರೂ ದೊಡ್ಡದಾಯಿತೆಂದು ಬಗೆಯುವವನು ಈ ಲೆಕ್ಕವನ್ನು ತಿರುಗುಮುರುಗಾಗಿ ಓದಿದವನು.

ಈಗ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಶಾಲೆಯ ಪುಸ್ತಕಕ್ಕೆ ಹಣವಿಲ್ಲದ ಮಕ್ಕಳಿರುವ ದೇಶದಲ್ಲಿ ಲಕ್ಷಗಟ್ಟಲೆಯ ಗಡಿಯಾರವು ಪಾಪವಲ್ಲವೇ ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಇದನ್ನು ನಕ್ಕು ತಳ್ಳಲಾಗದು. ಆದರೂ ಪೂರ್ತಿಯಾಗಿ ಒಪ್ಪಲೂ ಆಗದು. ಕಂಚಿಯ ರೇಷ್ಮೆ ಸೀರೆಯು ಮಾನ ಮುಚ್ಚುವುದಕ್ಕೆ ಬೇಕಾದುದಕ್ಕಿಂತ ನೂರು ಪಾಲು ದುಬಾರಿ. ಯಂತ್ರದಲ್ಲಿ ನೇಯ್ದ ಸೀರೆಯು ಅದಕ್ಕಿಂತ ಅಗ್ಗ, ಒಗೆಯಲೂ ಸುಲಭ. ಆದರೂ ಕಂಚಿಯ ಸೀರೆಯನ್ನು ಕೊಳ್ಳುವವರು ಇಲ್ಲವಾದರೆ ನೇಕಾರನ ಮಗ್ಗವು ನಿಲ್ಲುವುದು. ತಲೆಮಾರುಗಳ ವಿದ್ಯೆಯು ಒಂದು ತಲೆಮಾರಿನಲ್ಲಿ ಅಳಿಯುವುದು. ತಂಜಾವೂರಿನ ವೀಣೆ, ಇಳಕಲ್ಲಿನ ಸೀರೆ, ಚನ್ನಪಟ್ಟಣದ ಬೊಂಬೆ ಇವೆಲ್ಲಕ್ಕೂ ಈ ಮಾತು ಸಲ್ಲುವುದು. ಕೈಗೆಲಸಕ್ಕೆ ತೆತ್ತ ಬೆಲೆಯು ಒಬ್ಬ ಕುಶಲಿಯ ಒಲೆಯನ್ನು ಉರಿಸುವುದು, ಅವನ ಶಿಷ್ಯನಿಗೆ ವಿದ್ಯೆಯನ್ನು ಉಳಿಸುವುದು. ಬರಿಯ ಹೆಸರಿಗೆ ತೆತ್ತ ಬೆಲೆಯು ಜಾಹೀರಾತಿನೊಡನೆ ಗಾಳಿಗೆ ಹೋಗುವುದು. ಆದುದರಿಂದ ದುಬಾರಿಯಾದುದೆಲ್ಲ ದೋಷವೆಂದೂ ಹೇಳಬಾರದು, ದುಬಾರಿಯಾದುದೆಲ್ಲ ಶ್ರೇಷ್ಠವೆಂದೂ ಹೇಳಬಾರದು. ಬೆಲೆಯೊಳಗೆ ದುಡಿಮೆಯ ಪಾಲು ಎಷ್ಟು, ಆಡಂಬರದ ಪಾಲು ಎಷ್ಟು ಎಂದು ಕೇಳುವುದನ್ನು ಕಲಿಯಬೇಕು.

ವಿದ್ಯೆಯು ಅಳಿಯುವುದೆಂದರೆ ಏನೆಂಬುದಕ್ಕೆ ದೂರದ ಉದಾಹರಣೆ ಬೇಡ. ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ೧೯೬೧ರಲ್ಲಿ ಕೈಗಡಿಯಾರಗಳನ್ನು ತಯಾರಿಸಲಾರಂಭಿಸಿತು. ಮೊದಲ ಗಡಿಯಾರಗಳನ್ನು ಪ್ರಧಾನಿ ನೆಹರೂ ಅವರು ಬಿಡುಗಡೆ ಮಾಡಿದರು. ಅಲ್ಲಿಯವರೆಗೆ ಕೈಗಡಿಯಾರವೆಂದರೆ ಹೊರದೇಶದಿಂದ ಬರುವ ವಸ್ತು, ಉಳ್ಳವರ ವಸ್ತು. ಎಚ್.ಎಂ.ಟಿ. ಬಂದ ಮೇಲೆ ಅದು ಶಾಲೆಯ ಉಪಾಧ್ಯಾಯನ, ರೈಲ್ವೆ ಗುಮಾಸ್ತನ, ಬಸ್ಸಿನ ಕಂಡಕ್ಟರನ ಮಣಿಕಟ್ಟನ್ನು ಸೇರಿತು. ಜನತಾ, ಪೈಲಟ್, ಕಾಂಚನ್, ಸೋನಾ ಎಂಬ ಹೆಸರುಗಳು ಮನೆಮಾತಾದುವು. ಅಂಧರು ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯುವ ಗಡಿಯಾರವನ್ನೂ ಆ ಸಂಸ್ಥೆಯು ಮಾಡಿತು. ೧೭ ಹರಳುಗಳ ಜನತಾ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಎಷ್ಟೋ ಮನೆಗಳಲ್ಲಿ ದೇವರ ದೀಪವನ್ನು ಹಚ್ಚುವಷ್ಟೇ ನಿಯಮದ ಕೆಲಸವಾಗಿತ್ತು.

ನಾನು ತುಮಕೂರು ಜಿಲ್ಲೆಯಿಂದ ಬಂದವನು. ೧೯೭೮ರಲ್ಲಿ ತುಮಕೂರಿನಲ್ಲಿಯೂ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ಆರಂಭವಾಯಿತು. ನಮ್ಮ ಕಡೆಯಲ್ಲಿ ಅಲ್ಲಿ ಕೆಲಸ ಸಿಕ್ಕಿದವನನ್ನು ಕಲೆಕ್ಟರನಂತೆ ಕಾಣುತ್ತಿದ್ದರೆಂದು ಹಿರಿಯರು ಈಗಲೂ ಹೇಳುವರು. ಕಾಲವು ಬದಲಾಯಿತು, ಹರಳಿನ ಗಡಿಯಾರಗಳು ಮಾರುಕಟ್ಟೆಯನ್ನು ತುಂಬಿದುವು. ಎಚ್.ಎಂ.ಟಿ.ಯೂ ಹರಳಿನ ಗಡಿಯಾರಗಳನ್ನು ಮಾಡಿತಾದರೂ ಸ್ಪರ್ಧೆಯಲ್ಲಿ ಹಿಂದೆ ಬಿದ್ದಿತು. ನಷ್ಟದ ಮೇಲೆ ನಷ್ಟ ಬಂದಿತು. ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗಡಿಯಾರ ಘಟಕವನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಆ ಜಾಗವು ಇಂದು ಇಸ್ರೋ ಸಂಸ್ಥೆಯ ಕೈಸೇರಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ೨೦೧೯ರಿಂದ ಎಚ್.ಎಂ.ಟಿ.ಯ ವಸ್ತುಸಂಗ್ರಹಾಲಯವಿದೆ, ರಜೆಯಲ್ಲಿ ಊರಿಗೆ ಹೋಗುವಾಗ ಅದನ್ನು ಅವಶ್ಯವಾಗಿ ನೋಡಿರಿ. ವಿಚಿತ್ರವೆಂದರೆ, ಕಾರ್ಖಾನೆಯು ಮುಚ್ಚುವುದೆಂಬ ಸುದ್ದಿ ಹಬ್ಬಿದೊಡನೆ ಜನರು ಅಂಗಡಿಗಳಿಗೆ ನುಗ್ಗಿದರು. ಹಳೆಯ ಜನತಾ, ಪೈಲಟ್ ಗಡಿಯಾರಗಳು ಮೂಲಬೆಲೆಯನ್ನು ಮೀರಿ ಮಾರಾಟವಾದುವು. ಇದ್ದಾಗ ಕೇಳುವವರಿಲ್ಲ, ಹೋದ ಮೇಲೆ ಹುಡುಕುವವರು ಬಹಳ. ಬೆಲೆಯು ಯೋಗ್ಯತೆಯನ್ನು ಎಷ್ಟು ತಡವಾಗಿ ಗುರುತಿಸುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ನೀವು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಕೃಷ್ಣಗಿರಿಯನ್ನು ದಾಟಿದ ಮೇಲೆ ಹೊಸೂರು ಸಿಕ್ಕುವುದು. ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುವ ಊರು ಅದು. ೧೯೮೪ರಲ್ಲಿ ಟಾಟಾ ಮನೆತನವೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಜೊತೆಗೂಡಿ ಟೈಟನ್ ಸಂಸ್ಥೆಯನ್ನು ಸ್ಥಾಪಿಸಿ ಅಲ್ಲಿ ಕಾರ್ಖಾನೆಯನ್ನು ಕಟ್ಟಿದುವು. ಶಾಲೆಯನ್ನು ಮುಗಿಸಿದ ಹಳ್ಳಿಪಟ್ಟಣಗಳ ತರುಣ ತರುಣಿಯರನ್ನು ಆರಿಸಿ ಅವರ ಕೈಗಳನ್ನು ಈ ಸೂಕ್ಷ್ಮ ಕೆಲಸಕ್ಕೆ ಪಳಗಿಸಿದರು. ೨೦೦೨ರಲ್ಲಿ ಅದೇ ಸಂಸ್ಥೆಯು ಕೇವಲ ಮೂರೂವರೆ ಮಿಲಿಮೀಟರ್ ದಪ್ಪದ ಗಡಿಯಾರವನ್ನು ಹೊರತಂದಿತು. ತನಗೆ ನಲವತ್ತು ವರ್ಷಗಳು ತುಂಬಿದ ನೆನಪಿಗಾಗಿ, ನಾನು ಮೇಲೆ ಹೇಳಿದ ಟೂರ್ಬಿಯೋನ್ ಪಂಜರವನ್ನು ತಾನೇ ನಿರ್ಮಿಸಿ, ಜಲ್ಸಾ ಎಂಬ ಹೆಸರಿನ ಹತ್ತೇ ಹತ್ತು ಗಡಿಯಾರಗಳನ್ನು ಪ್ರಕಟಿಸಿತು. ಜಯಪುರದ ಹವಾಮಹಲಿನ ಚಿತ್ರವನ್ನು ಅದರ ಪುಟ್ಟ ಮುಖದ ಮೇಲೆ ಕುಂಚದಿಂದಲೇ ಬರೆದವರು ಪದ್ಮಶ್ರೀ ಪುರಸ್ಕೃತ ಕಲಾವಿದ ಶಾಕಿರ್ ಅಲಿ ಅವರು. ಅದರ ಬೆಲೆ ಸುಮಾರು ೪೦ ಲಕ್ಷ ರೂಪಾಯಿ. ಆ ಗಡಿಯಾರವನ್ನು ನಾವು ಕೊಳ್ಳಲಾರೆವು. ಕೊಳ್ಳಬೇಕಾದ ಅಗತ್ಯವೂ ಇಲ್ಲ. ಆದರೆ ಇನ್ನೂರು ವರ್ಷ ಯೂರೋಪಿನವರ ಸೊತ್ತಾಗಿದ್ದ ವಿದ್ಯೆಯೊಂದು ನಮ್ಮ ನೆರೆಯವರ ಕೈಗಳಿಗೂ ಬಂದಿತೆಂಬುದನ್ನು ಕೇಳಿ ಸಂತೋಷಪಡದಿರಲಾರೆವು.

ಇನ್ನು ನಮ್ಮ ಎರಡನೆಯ ಪ್ರಶ್ನೆಗೆ ಬರೋಣ. ದುಬಾರಿ ಗಡಿಯಾರವನ್ನು ಹೊಂದುವುದು ಯೋಗ್ಯವೇ? ಮೂರು ನಿಯಮಗಳಿಗೆ ಒಳಪಟ್ಟರೆ ಯೋಗ್ಯವೆಂಬುದು ನನ್ನ ಅಭಿಪ್ರಾಯ.

ಒಂದನೆಯದಾಗಿ, ಅದು ಬಾಳುವ ವಸ್ತುವಾಗಿರಬೇಕು. ಒಳ್ಳೆಯ ಕೀಲಿ ಗಡಿಯಾರದ ದೊಡ್ಡ ಗುಣವೆಂದರೆ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸವೆದ ಭಾಗವನ್ನು ಬದಲಿಸಿ ಮತ್ತೆ ನಡೆಸಬಹುದು. ತಂದೆ ಕಟ್ಟಿದುದನ್ನು ಮಗಳು ಕಟ್ಟಬಹುದು, ಮೊಮ್ಮಗನೂ ಕಟ್ಟಬಹುದು. ಮೂರು ತಲೆಮಾರು ಬಾಳುವ ವಸ್ತುವಿನ ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಿದರೆ ಅದು ಅಷ್ಟೇನೂ ದುಬಾರಿಯಲ್ಲ. ಈ ದೃಷ್ಟಿಯಿಂದ ನಿಮ್ಮ ಅಜ್ಜನ ಜನತಾ ಗಡಿಯಾರವೂ ಜಿನೀವಾದ ಗಡಿಯಾರಗಳ ಕುಲಕ್ಕೇ ಸೇರಿದುದು.

ಎರಡನೆಯದಾಗಿ, ಅದರ ಭಾರವು ಇನ್ನೊಬ್ಬರ ಹೆಗಲ ಮೇಲೆ ಬೀಳಬಾರದು. ಸಾಲ ಮಾಡಿ ಕೊಂಡ ಗಡಿಯಾರವು ತೋರಿಸುವುದು ಬಡ್ಡಿಯ ಗಡುವನ್ನು ಮಾತ್ರ. ನಮ್ಮ ಸೀಮೆಯಲ್ಲಿ ವರನಿಗೆ ಕೈಗಡಿಯಾರ ಕೊಡಬೇಕೆಂಬ ಕಟ್ಟಳೆಯೊಂದು ಬೆಳೆದಿತ್ತು. ಹೆಣ್ಣಿನ ತಂದೆಯು ಅದಕ್ಕಾಗಿ ಹೊಲವನ್ನು ಒತ್ತೆಯಿಟ್ಟ ಸಂದರ್ಭಗಳೂ ಉಂಟು. ಕೇಳಿ ಪಡೆದ ಅಂತಹ ಗಡಿಯಾರವು ಚಿನ್ನದ್ದಾದರೂ ಬೇಡಿಯೇ ಸರಿ. ಹುಡುಗರೇ, ಮುಂದೆ ನಿಮಗೆ ಅಂತಹದನ್ನು ಯಾರಾದರೂ ನೀಡಬಂದರೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಹುಡುಗಿಯರೇ, ಕೇಳುವವನನ್ನು ಕಂಡರೆ ನೀವು ನಿಮ್ಮ ಮುಖವನ್ನು ಬೇರೆ ಕಡೆಗೆ ತಿರುಗಿಸಿರಿ.

ಮೂರನೆಯದಾಗಿ, ಅದು ಕಟ್ಟಿದವನ ಕಣ್ಣಿಗಾಗಿ ಇರಬೇಕು, ನೋಡುವವರ ಕಣ್ಣಿಗಾಗಿ ಅಲ್ಲ. ಈ ನಿಯಮವು ನಿಮಗೆ ಹೆಚ್ಚಾಗಿ ಅನ್ವಯಿಸುವುದು. "ಫಸ್ಟ್ ಕಾಪಿ" ಎಂಬ ಹೆಸರಿನಿಂದ ಪ್ರಸಿದ್ಧ ಗಡಿಯಾರಗಳ ನಕಲುಗಳು ಇಂದು ಎಲ್ಲ ದೊಡ್ಡ ನಗರಗಳಲ್ಲಿಯೂ ಮಾರಾಟವಾಗುತ್ತಿವೆ. ನಿಮ್ಮಲ್ಲಿ ಕೆಲವರು ಅದನ್ನು ಕಟ್ಟಿಕೊಂಡು ಬರುವುದೂ, ತರಗತಿಯಲ್ಲಿ ಮತ್ತೆ ಮತ್ತೆ ತೋಳನ್ನು ಮೇಲಕ್ಕೆ ಸರಿಸುವುದೂ ನಮ್ಮ ಕಣ್ಣಿ‌ಗೆ ಬೀಳದೆ ಇರುವುದಿಲ್ಲ. ಅದರಲ್ಲಿ ಕೈಗೆಲಸವಿಲ್ಲ, ವಿರಳತೆಯಿಲ್ಲ, ಬಾಳಿಕೆಯಂತೂ ಇಲ್ಲವೇ ಇಲ್ಲ. ಕದ್ದ ಹೆಸರೊಂದೇ ಇರುವುದು. ಉತ್ತಮ ಗಡಿಯಾರದಿಂದ ಅದರ ಒಳ್ಳೆಯ ಅಂಶಗಳನ್ನೆಲ್ಲ ತೆಗೆದುಹಾಕಿ ಕೆಟ್ಟ ಅಂಶವನ್ನು ಮಾತ್ರ ಉಳಿಸಿಕೊಂಡಂತೆ ಅದು. ಅದನ್ನು ಕಟ್ಟಿದ ಹುಡುಗನು ದಿನವಿಡೀ ಒಂದು ಸುಳ್ಳನ್ನು ಕಾಯಬೇಕಾಗುವುದು. ಅದಕ್ಕಿಂತ ತನ್ನ ಹೆಸರನ್ನೇ ತಾನು ಧೈರ್ಯವಾಗಿ ಹೇಳಿಕೊಳ್ಳುವ ಮುನ್ನೂರು ರೂಪಾಯಿಯ ಗಡಿಯಾರವು ಸಾವಿರ ಪಾಲು ಮೇಲು. ಹೋಟೆಲಿನಲ್ಲಿ ದುಡಿಯುವ ತಂದೆಯು ಸಂಬಳದಲ್ಲಿ ಉಳಿಸಿ ತಂದುಕೊಟ್ಟ ಅಂತಹ ಗಡಿಯಾರವನ್ನು ತೋಳಿನೊಳಗೆ ಮುಚ್ಚಿಕೊಳ್ಳುವ ಹುಡುಗರನ್ನೂ ನಾನು ಕಂಡಿದ್ದೇನೆ. ಅದನ್ನು ಮುಚ್ಚಬೇಡಿರಿ. ಅದರ ಬೆಲೆಯಲ್ಲಿ ಆಡಂಬರದ ಪಾಲು ಒಂದು ಕಾಸೂ ಇಲ್ಲ. ಇರುವುದೆಲ್ಲ ಅವರ ದುಡಿಮೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಟ್ರಂಕಿನಲ್ಲಿಯೋ, ಊರಿನ ಅಜ್ಜನ ಮನೆಯ ಗೂಡಿನಲ್ಲಿಯೋ ನಿಂತುಹೋದ ಕೀಲಿ ಗಡಿಯಾರವೊಂದು ಬಿದ್ದಿರಬಹುದು. ಹಿರಿಯರ ಅನುಮತಿಯನ್ನು ಪಡೆದು ಅದನ್ನು ಗಡಿಯಾರ ರಿಪೇರಿ ಮಾಡುವವರ ಬಳಿಗೆ ಒಯ್ಯಿರಿ. ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಉಸಿರನ್ನು ಬಿಗಿಹಿಡಿದು, ಚಿಮಟಿಗೆಯಿಂದ ತೂಗುಚಕ್ರವನ್ನು ಎತ್ತುವ ಅವರ ಕೈಯನ್ನು ಗಮನಿಸಿರಿ. ಅಂತಹವರು ನಗರದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಅವರಲ್ಲಿ ಎಷ್ಟೋ ಮಂದಿಗೆ ಶಿಷ್ಯರಿಲ್ಲ. ಸತ್ತಂತೆ ಬಿದ್ದಿದ್ದ ಗಡಿಯಾರವು ಅವರ ಕೈಯಲ್ಲಿ ಮತ್ತೆ ಮಿಡಿಯತೊಡಗಿದಾಗ, ಲಕ್ಷ ಕೊಟ್ಟು ಕೊಳ್ಳುವವರು ನಿಜವಾಗಿ ಯಾವುದಕ್ಕೆ ಬೆಲೆ ತೆರಬೇಕೆಂಬುದು ನಿಮಗೆ ಪುಸ್ತಕವಿಲ್ಲದೆಯೇ ಮನದಟ್ಟಾಗುವುದು. ನಿಮ್ಮಲ್ಲಿ ಒಬ್ಬರಿಗಾದರೂ "ಈ ಕೈಕೆಲಸ ನನಗೂ ಬರಬೇಕು" ಎಂಬ ಆಸೆ ಹುಟ್ಟಿದರೆ, ದುಬಾರಿ ಗಡಿಯಾರದ ವಿಷಯವಾಗಿ ಇಷ್ಟು ಬರೆದುದು ಸಾರ್ಥಕವಾಯಿತೆಂದು ತಿಳಿಯುವೆನು.